ಹಿಮದೂರಿನ ಸಸಿಮಡಿ

ನಮ್ಮ ನಾಡಿನಲ್ಲಿ ಬಿತ್ತನೆಯ ಕಾಲವನ್ನು ಗೊತ್ತುಮಾಡುವುದು ಮಳೆ. ರೋಹಿಣಿಯೋ ಮೃಗಶಿರೆಯೋ ಸುರಿದು ನೆಲ ಹದವಾದರೆ ರೈತನು ಬೀಜದ ಬುಟ್ಟಿಯನ್ನು ಹೊರಗೆ ತೆಗೆಯುತ್ತಾನೆ. ಬೀಜವನ್ನು ಮನೆಯೊಳಗೆ, ಕಿಟಕಿಯ ಬಳಿ, ಒಲೆಯ ಕಾವಿನಲ್ಲಿ ಮೊಳೆಯಿಸಬೇಕೆಂದು ಯಾರಾದರೂ ಹೇಳಿದರೆ ನಮ್ಮವರಿಗೆ ನಗು ಬಂದೀತು. ಆದರೆ ಹಾಗೆ ಮಾಡದೆ ಗತ್ಯಂತರವಿಲ್ಲದ ಊರುಗಳೂ ಭೂಮಿಯ ಮೇಲುಂಟು. ಅಮೆರಿಕದ ಸಂಯುಕ್ತ ಸಂಸ್ಥಾನಗಳ ಈಶಾನ್ಯ ಭಾಗದಲ್ಲಿ ಮ್ಯಾಸಚೂಸೆಟ್ಸ್ ಎಂಬ ಪ್ರಾಂತವಿದೆ. ಅದರ ಪಶ್ಚಿಮಕ್ಕೆ, ಕನೆಕ್ಟಿಕಟ್ ನದಿಯ ಕಣಿವೆಯಲ್ಲಿ, ಆಮ್‌ಹರ್ಸ್ಟ್ ಎಂಬ ಸಣ್ಣ ಊರು. ಅಲ್ಲಿ ಚಳಿಗಾಲ ಬಲಿತಿತೆಂದರೆ ನೆಲ ಕಲ್ಲಿನಂತೆ ಹೆಪ್ಪುಗಟ್ಟುತ್ತದೆ. ಮೇ ತಿಂಗಳ ನಡುವಿನವರೆಗೂ ಒಂದು ರಾತ್ರಿಯ ಕೊರೆತಕ್ಕೆ ಎಳೆಯ ಸಸಿಗಳು ಸುಟ್ಟುಹೋಗುವ ಭಯ ತಪ್ಪಿದ್ದಲ್ಲ. ಬೇಸಗೆಯೋ ಬಲು ಮೋಟು. ಹಿಮ ಕರಗಿದ ಮೇಲೆ ಬೀಜ ಹಾಕೋಣವೆಂದು ಕುಳಿತರೆ, ಎಷ್ಟೋ ಗಿಡಗಳು ಹೂಬಿಡುವ ಹೊತ್ತಿಗೆ ಮತ್ತೆ ಹಿಮ ಬಂದಿರುತ್ತದೆ.

ಆದ್ದರಿಂದ ಆ ಸೀಮೆಯಲ್ಲಿ ತೋಟದ ಹುಚ್ಚುಳ್ಳವರು ಚಳಿಗಾಲ ಮುಗಿಯುವ ಮುನ್ನವೇ ಮನೆಯೊಳಗೊಂದು ಸಸಿಮಡಿ ಮಾಡುತ್ತಾರೆ. ಹಿಂದಿನ ವರ್ಷ ಆರಿಸಿ ಕಾಗದದ ಪೊಟ್ಟಣದಲ್ಲಿ ಕಟ್ಟಿಟ್ಟ ಬೀಜವನ್ನು ಆಳವಿಲ್ಲದ ಪೆಟ್ಟಿಗೆಯ ಮಣ್ಣಿನಲ್ಲಿ ಉದುರಿಸಿ, ತೆಳುವಾಗಿ ಮಣ್ಣು ಮುಚ್ಚಿ, ಬಿಸಿಲು ಬೀಳುವ ಕಿಟಕಿಯ ಬಳಿ ಇಡುತ್ತಾರೆ. ನೀರು ಹೆಚ್ಚಾದರೆ ಮೊಳಕೆಯ ಬುಡ ಕೊಳೆತು ಸಸಿ ಮಲಗುತ್ತದೆ. ಬೆಳಕು ಕಡಿಮೆಯಾದರೆ ಕಾಂಡ ನೂಲಿನಂತೆ ಸಣ್ಣಗಾಗಿ ಗಾಜಿನ ಕಡೆಗೆ ಬಾಗುತ್ತದೆ. ಅದಕ್ಕಾಗಿ ಪೆಟ್ಟಿಗೆಯನ್ನು ಆಗಾಗ ತಿರುಗಿಸುತ್ತಿರಬೇಕು. ಗೆಡ್ಡೆಯಿಂದ ಬರುವ ಹೂಗಿಡಗಳ ರೀತಿ ಇನ್ನೊಂದು. ಹಯಸಿಂತ್ ಎಂಬ ಸುಗಂಧ ಪುಷ್ಪದ ಗೆಡ್ಡೆಯನ್ನು ಶರತ್ಕಾಲದಲ್ಲಿ ಕುಂಡದಲ್ಲಿ ಹೂಳಿ, ಹಲವು ವಾರ ತಣ್ಣನೆಯ ಕತ್ತಲೆಯಲ್ಲಿ ಬಿಡಬೇಕು. ಬೇರಿಳಿದ ಮೇಲೆ ಬೆಳಕಿಗೆ ತಂದರೆ, ಹೊರಗೆ ಹಿಮ ಬಿದ್ದಿರುವಾಗಲೇ ಒಳಗೆ ಅದು ಹೂ ಬಿಡುತ್ತದೆ. ಹೀಗೆ ಒಳಗೆ ಬೆಳೆದ ಸಸಿಯನ್ನು ಒಮ್ಮೆಗೇ ಬಯಲಿನಲ್ಲಿ ನೆಡುವಂತಿಲ್ಲ. ಒಂದು ವಾರ, ಹತ್ತು ದಿನ, ಹಗಲು ಹೊರಗಿಟ್ಟು ಇರುಳು ಒಳಗೆ ತಂದು, ಗಾಳಿಗೂ ಬಿಸಿಲಿಗೂ ಅದನ್ನು ಒಗ್ಗಿಸಬೇಕು.

ಈ ಊರಿನಲ್ಲಿ, ಇಂಥ ಚಳಿಗಾಲಗಳ ನಡುವೆ, ಐವತ್ತೈದು ವರ್ಷ ಬಾಳಿದವಳು ಎಮಿಲಿ ಡಿಕಿನ್ಸನ್. ಆಂಗ್ಲ ಕಾವ್ಯವನ್ನು ಅಭ್ಯಾಸಮಾಡುವ ನಮ್ಮ ವಿದ್ಯಾರ್ಥಿಗಳಿಗೆ ಆಕೆಯ ಹೆಸರು ಅಪರಿಚಿತವೇನೂ ಅಲ್ಲ. ಬಿಳಿಯ ಉಡುಪು ತೊಟ್ಟು, ಬಾಗಿಲು ಮುಚ್ಚಿಕೊಂಡು, ಯಾರಿಗೂ ಮುಖ ತೋರದೆ ಕವಿತೆ ಬರೆದವಳೆಂದು ತರಗತಿಯಲ್ಲಿ ಕೇಳಿರುತ್ತಾರೆ. ಲೋಕಕ್ಕೆ ಅಂಜಿ ಓಡಿಹೋದ ಹೆಂಗಸೆಂದೂ, ಭಗ್ನಪ್ರೇಮದ ಬಲಿಯೆಂದೂ ಕತೆಗಳು ಹುಟ್ಟಿವೆ. ಆ ಕತೆಗಳನ್ನು ಬದಿಗಿಟ್ಟು, ಆಕೆಯ ಕೈಯ ಮಣ್ಣನ್ನು ಗಮನಿಸಿ ಆ ಜೀವನವನ್ನು ಮತ್ತೊಮ್ಮೆ ನೋಡಿದರೆ ಬೇರೆಯದೇ ಒಂದು ಚಿತ್ರ ಕಾಣುತ್ತದೆ.

ಎಮಿಲಿ ಹುಟ್ಟಿದ್ದು ೧೮೩೦ನೆಯ ಇಸವಿ ಡಿಸೆಂಬರ್ ೧೦ರಂದು, ಚಳಿಗಾಲದ ಬಾಗಿಲಿನಲ್ಲಿ. ತಾತ ಸ್ಯಾಮ್ಯುಯೆಲ್ ಡಿಕಿನ್ಸನ್ ಆಮ್‌ಹರ್ಸ್ಟ್ ಕಾಲೇಜಿನ ಸ್ಥಾಪಕರಲ್ಲೊಬ್ಬ. ವಿದ್ಯಾಸಂಸ್ಥೆಗಾಗಿ ಕೈಯ ಹಣವನ್ನೆಲ್ಲ ಸುರಿದು ಸಾಲಗಾರನಾದವನು. ತಂದೆ ಎಡ್ವರ್ಡ್ ನ್ಯಾಯವಾದಿ, ಆ ಕಾಲೇಜಿನ ಕೋಶಾಧಿಕಾರಿ. ೧೮೫೩ರಿಂದ ೧೮೫೫ರವರೆಗೆ ರಾಷ್ಟ್ರದ ಶಾಸನಸಭೆಯ ಸದಸ್ಯನೂ ಆಗಿದ್ದನು. ಬಿಗುಮಾನದ ಗಂಭೀರ ಪುರುಷ. ತಾಯಿ ಮಿತಭಾಷಿಣಿ; ಆಕೆಗೂ ತೋಟದಲ್ಲಿ ಒಲವು. ಅಣ್ಣ ಆಸ್ಟಿನ್, ತಂಗಿ ಲವಿನಿಯಾ. ಮೂವರು ಮಕ್ಕಳ ಬಾಳೂ ಆ ಊರಿನಲ್ಲಿಯೇ, ಒಂದು ಮನೆಯ ಕೂಗಳತೆಯಲ್ಲಿಯೇ ಕಳೆಯಿತು.

ಊರಿನ ಅಕಾಡೆಮಿಯಲ್ಲಿ ಎಮಿಲಿ ಏಳು ವರ್ಷ ಓದಿದಳು. ಹೆಣ್ಣುಮಕ್ಕಳಿಗೆ ಲ್ಯಾಟಿನ್ ಭಾಷೆಯನ್ನೂ ಸಸ್ಯಶಾಸ್ತ್ರ, ಭೂವಿಜ್ಞಾನಗಳನ್ನೂ ಕಲಿಸುತ್ತಿದ್ದ ಶಾಲೆ ಅದು. ಹದಿಮೂರು ಹದಿನಾಲ್ಕರ ವಯಸ್ಸಿನಲ್ಲಿ ಆಕೆ ಕಾಡುಮೇಡು ಅಲೆದು ಗಿಡಗಳನ್ನು ಆಯ್ದು ತಂದು, ಒತ್ತಿ ಒಣಗಿಸಿ, ಒಂದು ದೊಡ್ಡ ಪುಸ್ತಕದಲ್ಲಿ ಅಂಟಿಸತೊಡಗಿದಳು. ಅರವತ್ತಾರು ಪುಟಗಳಲ್ಲಿ ನಾನೂರ ಇಪ್ಪತ್ತನಾಲ್ಕು ಸಸ್ಯಗಳು. ಬಹುಪಾಲು ಗಿಡಗಳ ಕೆಳಗೆ ಪುಟ್ಟ ಚೀಟಿಯಲ್ಲಿ ಶಾಸ್ತ್ರೀಯ ನಾಮ. ಈ ಸಸ್ಯಸಂಪುಟ ಇಂದು ಹಾರ್ವರ್ಡ್ ವಿಶ್ವವಿದ್ಯಾನಿಲಯದ ಗ್ರಂಥಭಂಡಾರದಲ್ಲಿದೆ. ಅದರ ಮೊದಲನೆಯ ಪುಟದಲ್ಲಿಯೇ ಇರುವುದು ಒಂದು ಮಲ್ಲಿಗೆಯ ಜಾತಿ ಎಂದು ತಿಳಿದಾಗ ನಮ್ಮ ವಾಚಕರಿಗೆ ಸಂತೋಷವಾಗದಿರದು. ಹಿಮದ ಊರಿನಲ್ಲಿ ಮಲ್ಲಿಗೆ ಮನೆಯೊಳಗಲ್ಲದೆ ಬದುಕುವ ಗಿಡವಲ್ಲ.

೧೮೪೭ರಲ್ಲಿ ಆಕೆ ಮೌಂಟ್ ಹೋಲಿಯೋಕ್ ಎಂಬ ಹೆಣ್ಣುಮಕ್ಕಳ ವಿದ್ಯಾಲಯಕ್ಕೆ ಹೋದಳು. ಅಲ್ಲಿ ಮತಶ್ರದ್ಧೆಯ ಕಾವು ಬಲವಾಗಿತ್ತು. ಕ್ರಿಸ್ತನಿಗೆ ಶರಣಾದೆನೆಂದು ಎಲ್ಲರೆದುರು ಒಪ್ಪಿಕೊಳ್ಳಬೇಕೆಂಬ ಒತ್ತಾಯಕ್ಕೆ ಗೆಳತಿಯರು ಒಬ್ಬೊಬ್ಬರಾಗಿ ಮಣಿದರು, ಈಕೆ ಮಣಿಯಲಿಲ್ಲ. ಒಂದು ವರ್ಷ ತುಂಬುವುದರೊಳಗೆ ಮನೆಗೆ ಹಿಂದಿರುಗಿದಳು. ಮುಂದೆ ಊರಿನ ಇಗರ್ಜಿಗೂ ಸದಸ್ಯಳಾಗಿ ಸೇರಲಿಲ್ಲ. ಮನಸ್ಸಿಗೆ ಒಪ್ಪದ ಮಾತನ್ನು ಬಾಯಲ್ಲಿ ಆಡಲಾರದ ಈ ಹುಡುಗಿಯನ್ನು ಅಂಜುಬುರುಕಿ ಎನ್ನುವುದು ಹೇಗೆ?

ಸಾಲದ ದೆಸೆಯಿಂದ ಕೈಬಿಟ್ಟುಹೋಗಿದ್ದ ತಾತನ ಇಟ್ಟಿಗೆಯ ಮನೆಯನ್ನು ತಂದೆ ೧೮೫೫ರಲ್ಲಿ ಮರಳಿ ಕೊಂಡುಕೊಂಡನು. ಅದನ್ನು ದುರಸ್ತಿ ಮಾಡಿಸುವಾಗ ಓದುವ ಕೋಣೆಗೆ ಹೊಂದಿಕೊಂಡಂತೆ ಒಂದು ಗಾಜಿನ ಕೋಣೆಯನ್ನು ಕಟ್ಟಿಸಿದನು. ಅಗಲ ಸುಮಾರು ೬ ಅಡಿ, ಉದ್ದ ೧೭ ಅಡಿ. ನಮ್ಮ ಹಳ್ಳಿಯ ಮನೆಯ ಒಂದು ಜಗಲಿಯಷ್ಟು ಜಾಗ. ಎಳೆಬಿಸಿಲು ಬೀಳುವಂತೆ ಆಗ್ನೇಯಕ್ಕೆ ತೆರೆದ ಗಾಜು. ಮನೆಯ ಕಾವೇ ಅದಕ್ಕೂ ಆಧಾರ. ಮಗಳಿಗೆ ತಂದೆ ಕೊಟ್ಟ ಉಡುಗೊರೆಗಳಲ್ಲಿ ಇದಕ್ಕಿಂತ ದೊಡ್ಡದಿಲ್ಲ. ಜರಿಗಿಡಗಳು, ಮಲ್ಲಿಗೆ, ಹೆಲಿಯೊಟ್ರೋಪ್, ಆಕ್ಸಾಲಿಸ್ ಮೊದಲಾದ ಕೋಮಲ ಸಸ್ಯಗಳು ಆ ಗಾಜಿನ ಹಿಂದೆ ಹಿಮಕಾಲವನ್ನು ದಾಟುತ್ತಿದ್ದವು. ಮಲಗುವ ಕೋಣೆಯ ಕಿಟಕಿಯ ಅಂಚಿನಲ್ಲಿ ಹಯಸಿಂತ್ ಗೆಡ್ಡೆಗಳು ಕುಂಡಗಳಲ್ಲಿ ಸಾಲಾಗಿ ಕುಳಿತು ಬೆಳಕನ್ನು ಕಾಯುತ್ತಿದ್ದವು. ಗೆಡ್ಡೆಗಳೆಂದರೆ ತನಗೆ ಹುಚ್ಚೇ ಸರಿ ಎಂದು ಆಕೆ ಸ್ನೇಹಿತರಿಗೆ ಬರೆದ ಪತ್ರದಲ್ಲಿ ಒಪ್ಪಿಕೊಂಡಿದ್ದಾಳೆ.

ಗಿಡಗಳಿಗೆ ನೀರುಣಿಸುವುದು ಮನೆಯ ಅನೇಕ ಕೆಲಸಗಳಲ್ಲಿ ಒಂದು ಮಾತ್ರ. ಮನೆಗೆ ಬೇಕಾದ ರೊಟ್ಟಿಯನ್ನು ಸುಡುತ್ತಿದ್ದವಳು ಎಮಿಲಿಯೇ. ೧೮೫೬ರಲ್ಲಿ ಊರಿನ ದನಗಳ ಜಾತ್ರೆಯ ಸ್ಪರ್ಧೆಯಲ್ಲಿ ಆಕೆಯ ರೊಟ್ಟಿಗೆ ಎರಡನೆಯ ಬಹುಮಾನ ಬಂದಿತು. ನೆರೆಯ ಮಕ್ಕಳಿಗೆ ಕಿಟಕಿಯಿಂದ ಬುಟ್ಟಿಯಲ್ಲಿ ಶುಂಠಿಯ ಸಿಹಿರೊಟ್ಟಿ ಇಳಿಸುತ್ತಿದ್ದಳು. ಆದರೆ ಮೂವತ್ತು ದಾಟಿದ ಮೇಲೆ ಬರಬರುತ್ತಾ ಆಕೆ ಹೊರಗೆ ಹೋಗುವುದು ಕಡಿಮೆಯಾಯಿತು. ಬಂದವರನ್ನು ಕಾಣುವುದೂ ಅಪರೂಪವಾಯಿತು. ಕಾಣದಿದ್ದವರಿಗೆ ಒಂದು ಹೂವನ್ನೋ ಒಂದು ಚೀಟಿಯನ್ನೋ ಕಳುಹಿಸುತ್ತಿದ್ದಳು. ಎಷ್ಟೋ ವೇಳೆ ಹೂವಿನ ಜೊತೆಗಿದ್ದ ಚೀಟಿಯಲ್ಲಿ ಒಂದು ಕವಿತೆಯಿರುತ್ತಿತ್ತು. ಊರಿನವರಿಗೆ ಆಕೆ ಕವಿಯೆಂದು ಗೊತ್ತಿರಲಿಲ್ಲ. ಒಳ್ಳೆಯ ತೋಟಗಾರ್ತಿಯೆಂದು ಗೊತ್ತಿತ್ತು.

೧೮೬೧ರಲ್ಲಿ ಅಮೆರಿಕದ ಅಂತರ್ಯುದ್ಧ ಮೊದಲಾಯಿತು. ಮರುವರ್ಷ ಮಾರ್ಚ್ ತಿಂಗಳಲ್ಲಿ ಕಾಲೇಜಿನ ಅಧ್ಯಕ್ಷರ ಮಗ, ಅಣ್ಣನ ಸ್ನೇಹಿತ ಫ್ರೇಜರ್ ಸ್ಟರ್ನ್ಸ್ ಯುದ್ಧದಲ್ಲಿ ಮಡಿದನು. ಊರಿಗೆ ಊರೇ ಮರುಗಿತು. ಆ ಯುದ್ಧದ ವರ್ಷಗಳಲ್ಲಿಯೇ ಎಮಿಲಿಯ ಕಾವ್ಯ ಕಟ್ಟೆಯೊಡೆದಂತೆ ಹರಿಯಿತು. ೧೮೬೧ರಿಂದ ೧೮೬೫ರವರೆಗಿನ ಐದು ವರ್ಷಗಳಿಗೆ ವಿದ್ವಾಂಸರು ಒಂಬೈನೂರಕ್ಕೂ ಹೆಚ್ಚು ಕವಿತೆಗಳನ್ನು ಸೇರಿಸುತ್ತಾರೆ. ನೈಋತ್ಯ ಮೂಲೆಯ ಕೋಣೆಯಲ್ಲಿ, ಒಂದು ಪುಸ್ತಕ ತೆರೆದಿಟ್ಟರೆ ತುಂಬಿಹೋಗುವ ಸಣ್ಣ ಮೇಜಿನ ಮೇಲೆ, ಈ ಕೆಲಸವೆಲ್ಲ ನಡೆಯಿತು. ಹೊರಗಿನ ಸಾವುನೋವು ಆ ಕೋಣೆಗೆ ಮುಟ್ಟಲಿಲ್ಲವೆಂದು ಹೇಳುವವರು ಆ ಐದು ವರ್ಷಗಳ ಲೆಕ್ಕವನ್ನು ನೋಡಬೇಕು.

ಬರೆದ ಕವಿತೆಗಳನ್ನು ಆಕೆ ಶುದ್ಧಪ್ರತಿ ಮಾಡಿ, ಮಡಿಸಿದ ಹಾಳೆಗಳನ್ನು ಒಂದರಮೇಲೊಂದಿಟ್ಟು, ಅಂಚಿನಲ್ಲಿ ತೂತು ಕೊರೆದು ದಾರ ಪೋಣಿಸಿ ಕಟ್ಟುಗಳಾಗಿ ಮಾಡಿಡುತ್ತಿದ್ದಳು. ನಮ್ಮ ಓಲೆಗರಿಯ ಕಟ್ಟುಗಳ ನೆನಪಾಗುತ್ತದೆ. ಅಂಥ ಕಟ್ಟುಗಳು ನಲವತ್ತು. ಅವುಗಳಲ್ಲಿ ಎಂಟುನೂರಕ್ಕೂ ಹೆಚ್ಚು ಕವಿತೆಗಳು. ನಮ್ಮ ವಚನಗಳಿಗೆ ಶೀರ್ಷಿಕೆಯಿಲ್ಲದಿದ್ದರೂ ಅಂಕಿತವುಂಟು. ಈಕೆಯ ಕವಿತೆಗಳಲ್ಲಿ ಶೀರ್ಷಿಕೆ ತೀರ ಅಪರೂಪ. ಅಂಕಿತವಂತೂ ಇಲ್ಲವೇ ಇಲ್ಲ. ಗ್ರಂಥಸಂಪಾದನೆಯನ್ನು ಓದಿದವರಿಗೆ ಇನ್ನೊಂದು ಸೋಜಿಗ ಕಾದಿದೆ. ಪಾಠಾಂತರಗಳೆಂದರೆ ನಾವು ಸಾಮಾನ್ಯವಾಗಿ ಲಿಪಿಕಾರರ ಕೈಚಳಕವೆಂದೋ ಕೈತಪ್ಪೆಂದೋ ತಿಳಿಯುತ್ತೇವೆ. ಇಲ್ಲಿ ಕವಿಯೇ ಅನೇಕ ಪದಗಳ ಪಕ್ಕದಲ್ಲಿ ಸಣ್ಣ ಶಿಲುಬೆಯಾಕಾರದ ಗುರುತು ಹಾಕಿ, ಪುಟದ ಕೆಳಗೆ ಬೇರೆ ಪದಗಳನ್ನು ಬರೆದಿಟ್ಟಿದ್ದಾಳೆ. ಯಾವುದನ್ನೂ ಹೊಡೆದುಹಾಕಿಲ್ಲ. ಒಂದು ಕುಂಡದಲ್ಲಿ ನಾಲ್ಕು ಬೀಜ ಹಾಕಿ, ಯಾವ ಮೊಳಕೆಯನ್ನೂ ಕೀಳಲು ಮನಸ್ಸಿಲ್ಲದೆ ಬಿಟ್ಟಂತೆ ಅವು ಇಂದಿಗೂ ನಿಂತಿವೆ.

ಹಾಗಾದರೆ ಈ ಸಸಿಗಳು ಬಯಲಿಗೆ ಬರುವುದು ಆಕೆಗೆ ಬೇಕಿತ್ತೆ, ಬೇಡವಾಗಿತ್ತೆ? ೧೮೬೨ರ ಏಪ್ರಿಲ್‌ನಲ್ಲಿ ಆಕೆ ತಾನಾಗಿಯೇ ಒಮ್ಮೆ ಬಾಗಿಲು ತೆರೆದಳು. ಹೊಸ ಲೇಖಕರಿಗೆ ಬುದ್ಧಿವಾದ ಹೇಳಿ ಪತ್ರಿಕೆಯಲ್ಲಿ ಲೇಖನ ಬರೆದಿದ್ದ ಥಾಮಸ್ ಹಿಗಿನ್ಸನ್ ಎಂಬ ಸಾಹಿತಿಗೆ ನಾಲ್ಕು ಕವಿತೆಗಳನ್ನು ಕಳುಹಿಸಿ, ಇವುಗಳಲ್ಲಿ ಜೀವವಿದೆಯೇ ಎಂದು ಕೇಳಿದಳು. ಪತ್ರಕ್ಕೆ ಸಹಿಯಿಲ್ಲ, ಹೆಸರು ಬರೆದ ಚೀಟಿ ಒಳಗೆ ಬೇರೊಂದು ಪುಟ್ಟ ಲಕೋಟೆಯಲ್ಲಿತ್ತು. ಹಿಗಿನ್ಸನ್ ಸಜ್ಜನ, ನೀಗ್ರೋ ಸೈನಿಕರ ದಳವೊಂದನ್ನು ಯುದ್ಧದಲ್ಲಿ ನಡೆಸಿದ ಧೀರ. ಆದರೆ ಆಕೆಯ ಛಂದಸ್ಸಿನ ನಡೆ ಅವನಿಗೆ ಎಡವುವ ನಡೆಯಾಗಿ ಕಂಡಿತು. ಅಚ್ಚಿಗೆ ಅವಸರಪಡಬೇಡವೆಂದು ಸೂಚಿಸಿದನು. ಆಕೆ ಅವನನ್ನು ಗುರುವೆಂದು ಕರೆದಳು. ಅವನು ತಿದ್ದಿದ ರೀತಿಯಲ್ಲಿ ಮಾತ್ರ ಬರೆಯಲಿಲ್ಲ. ೧೮೭೦ರ ಆಗಸ್ಟ್‌ನಲ್ಲಿ ಅವನು ಮೊದಲ ಬಾರಿಗೆ ಮನೆಗೆ ಬಂದಾಗ, ಬಿಳಿಯುಡುಪಿನ ಪುಟ್ಟ ಹೆಂಗಸೊಬ್ಬಳು ಎರಡು ಲಿಲಿ ಹೂಗಳನ್ನು ಹಿಡಿದು ಬಂದು, ಪರಿಚಯಪತ್ರವೆಂಬಂತೆ ಅವನ ಕೈಗಿತ್ತಳು.

ಅಚ್ಚಿನ ಅನುಭವವೂ ಆಕೆಗೆ ಇಲ್ಲದಿರಲಿಲ್ಲ. ಆಕೆಯ ಜೀವಿತಕಾಲದಲ್ಲಿ ಸುಮಾರು ಹತ್ತು ಕವಿತೆಗಳು ಹೆಸರಿಲ್ಲದೆ ಅಚ್ಚಾದವು. ೧೮೬೬ರಲ್ಲಿ ಪತ್ರಿಕೆಯೊಂದು ಹಾವನ್ನು ಕುರಿತ ಕವಿತೆಯನ್ನು ಪ್ರಕಟಿಸಿ, ಸಾಲಿನ ಕೊನೆಯಲ್ಲಿ ತನ್ನದೇ ಒಂದು ವಿರಾಮಚಿಹ್ನೆಯನ್ನು ಹಾಕಿತು. ಒಡೆಯಬಾರದ ಕಡೆ ಅರ್ಥ ಒಡೆಯಿತು. ಈ ಬಗ್ಗೆ ಆಕೆ ಹಿಗಿನ್ಸನ್ನನಿಗೆ ಬರೆದು ದೂರಿಕೊಂಡಳು. ಚಿಕ್ಕಂದಿನಿಂದ ಬಲ್ಲ ಲೇಖಕಿ ಹೆಲೆನ್ ಹಂಟ್ ಜ್ಯಾಕ್ಸನ್ ಮಾತ್ರ ಇವು ಮಹಾಕವಿಯ ಕವಿತೆಗಳೆಂದು ಗುರುತಿಸಿ, ಪ್ರಕಟಿಸೆಂದು ಬೆನ್ನುಹತ್ತಿದಳು. ಆಕೆಯ ಒತ್ತಾಯದಿಂದ ೧೮೭೮ರಲ್ಲಿ ಒಂದು ಸಂಕಲನದಲ್ಲಿ ಅನಾಮಧೇಯವಾಗಿ ಒಂದು ಕವಿತೆ ಬಂದಿತು. ಓದಿದವರಲ್ಲಿ ಕೆಲವರು ಅದನ್ನು ಎಮರ್ಸನ್ನನದೆಂದು ತಿಳಿದರು. ಒಂದು ಸಸಿ ಬಯಲ ಗಾಳಿಯನ್ನು ತಡೆದುಕೊಂಡಿತು. ಆದರೂ ಎಮಿಲಿ ಉಳಿದವನ್ನು ಹೊರಗಿಡಲಿಲ್ಲ.

ಒಳಗಿರುವುದರ ಬೆಲೆ ಏನೆಂದು ಆಕೆಗೆ ಚೆನ್ನಾಗಿ ತಿಳಿದಿತ್ತು. ೧೮೬೪ ಮತ್ತು ೧೮೬೫ರಲ್ಲಿ ಕಣ್ಣಿನ ಚಿಕಿತ್ಸೆಗಾಗಿ ಬಾಸ್ಟನ್ನಿನ ಬಳಿ ತಿಂಗಳುಗಟ್ಟಲೆ ಇರಬೇಕಾಯಿತು. ಬೆಳಕನ್ನು ಹುಡುಕಿ ಗಿಡಗಳನ್ನು ತಿರುಗಿಸುತ್ತಿದ್ದವಳು ಬೆಳಕಿಗೇ ಕಣ್ಣು ಮುಚ್ಚಬೇಕಾಯಿತು. ಓದುವಂತಿಲ್ಲ, ತನ್ನ ತೋಟವಿಲ್ಲ. ಹಿಂದಿರುಗಿದ ಮೇಲೆ ಮನೆಯ ಆವರಣವನ್ನು ದಾಟಿ ಹೋದದ್ದು ತೀರ ವಿರಳ. ೧೮೭೪ರಲ್ಲಿ ತಂದೆ ತೀರಿಕೊಂಡನು. ಮರುವರ್ಷ ತಾಯಿಗೆ ಪಾರ್ಶ್ವವಾಯು ಬಡಿಯಿತು; ಏಳು ವರ್ಷ ಹೆಣ್ಣುಮಕ್ಕಳಿಬ್ಬರೂ ಆಕೆಯ ಶುಶ್ರೂಷೆ ಮಾಡಿದರು. ೧೮೮೨ರಲ್ಲಿ ತಾಯಿ, ೧೮೮೩ರಲ್ಲಿ ಪ್ರಾಣಕ್ಕಿಂತ ಹೆಚ್ಚಾಗಿದ್ದ ಅಣ್ಣನ ಮಗ, ಎಂಟು ವರ್ಷದ ಗಿಲ್ಬರ್ಟ್, ವಿಷಮಜ್ವರದಿಂದ ಹೋದನು. ಬಾಲಕನ ಮರಣಶಯ್ಯೆಯ ಬಳಿಗೆ ಎಮಿಲಿ ಹಲವು ವರ್ಷಗಳ ನಂತರ ಅಂಗಳ ದಾಟಿ ಅಣ್ಣನ ಮನೆಗೆ ಹೋಗಿದ್ದಳು. ಆ ರಾತ್ರಿಯ ನಂತರ ಆಕೆಯ ಆರೋಗ್ಯ ಮೊದಲಿನಂತಾಗಲಿಲ್ಲ. ಆದರೂ ಬರೆಯುವುದು ನಿಲ್ಲಲಿಲ್ಲ. ಬಳಸಿದ ಲಕೋಟೆಗಳ ಒಳಮೈ, ಹರಿದ ಕಾಗದದ ಚೂರು, ಕೈಗೆ ಸಿಕ್ಕಿದ್ದರ ಮೇಲೆ ಸಾಲುಗಳನ್ನು ಗುರುತುಹಾಕುತ್ತಿದ್ದಳು.

೧೮೮೬ರ ಮೇ ೧೫ರಂದು ಎಮಿಲಿ ಡಿಕಿನ್ಸನ್ ಕಣ್ಣುಮುಚ್ಚಿದಳು. ಒಳಗಿನ ಸಸಿಗಳನ್ನು ಹೊರಗೆ ನೆಡುವ ಕಾಲ ಅದು. ತಂಗಿ ಲವಿನಿಯಾ ಆಕೆಯ ಕೈಯಲ್ಲಿ ಎರಡು ಹೆಲಿಯೊಟ್ರೋಪ್ ಹೂಗಳನ್ನಿಟ್ಟಳು. ಬಿಳಿಯ ಶವಪೆಟ್ಟಿಗೆಯನ್ನು ಹೊತ್ತವರು ಊರಿನ ಗಣ್ಯರಲ್ಲ. ಆ ಮನೆಯಲ್ಲಿ ದುಡಿದಿದ್ದ ಆರು ಮಂದಿ ಐರಿಷ್ ಕೂಲಿಯವರು. ರಾಜಬೀದಿಯನ್ನು ಬಿಟ್ಟು, ಹಿಂಬಾಗಿಲಿನಿಂದ ತೋಟದ ಮೂಲಕ, ಹಳದಿ ಹೂ ತುಂಬಿದ ಹೊಲಗಳನ್ನು ದಾಟಿ ಸ್ಮಶಾನಕ್ಕೆ ಹೋದರು. ಹಾಗೆಯೇ ಆಗಬೇಕೆಂಬುದು ಆಕೆಯ ಇಚ್ಛೆಯಾಗಿತ್ತು.

ಲವಿನಿಯಾ ಅಕ್ಕನ ಅಪೇಕ್ಷೆಯಂತೆ ಆಕೆಗೆ ಬಂದಿದ್ದ ಪತ್ರಗಳನ್ನೆಲ್ಲ ಸುಟ್ಟಳು. ಆಮೇಲೆ ಪೆಟ್ಟಿಗೆಯಲ್ಲಿ ಆ ಕಟ್ಟುಗಳು ಕೈಗೆ ಸಿಕ್ಕಿದವು. ಅಕ್ಕ ಬರೆಯುತ್ತಾಳೆಂದು ಆಕೆಗೆ ತಿಳಿದಿತ್ತು. ಇಷ್ಟು ಬರೆದಿದ್ದಾಳೆಂದು ತಿಳಿದಿರಲಿಲ್ಲ. ಬಿಡಿಹಾಳೆಗಳನ್ನೂ ಚೂರುಗಳನ್ನೂ ಸೇರಿಸಿ ಸಾವಿರದ ಎಂಟುನೂರರಷ್ಟು ಕವಿತೆಗಳು. ಇವನ್ನೂ ಬೆಂಕಿಗೆ ಹಾಕೆಂದಾಗಲಿ, ಅಚ್ಚುಮಾಡಿಸೆಂದಾಗಲಿ ಎಮಿಲಿಯ ಅಪ್ಪಣೆ ಇರಲಿಲ್ಲ. ಲವಿನಿಯಾ ಪಂಡಿತಳಲ್ಲ, ವಿಮರ್ಶಕಳಲ್ಲ; ಅಕ್ಕನ ಗಿಡಗಳಿಗೆ ನೀರು ಹಾಕುತ್ತಿದ್ದವಳು. ಸುಡುವ ಕೈಯನ್ನು ಆಕೆ ಅಲ್ಲಿಗೆ ನಿಲ್ಲಿಸಿದಳು. ಅದೊಂದು ನಿರ್ಧಾರಕ್ಕೆ ಲೋಕದ ಕಾವ್ಯ ಋಣಿಯಾಗಿದೆ.

ಮೇಬಲ್ ಲೂಮಿಸ್ ಟಾಡ್ ಎಂಬ ವಿದುಷಿಯೂ ಹಿಗಿನ್ಸನ್ನನೂ ಕೂಡಿ ೧೮೯೦ರಲ್ಲಿ ಮೊದಲ ಸಂಪುಟವನ್ನು ಹೊರತಂದರು. ಓದುಗರು ಮುಗಿಬಿದ್ದರು, ಮೇಲಿಂದ ಮೇಲೆ ಮುದ್ರಣಗಳಾದವು. ಆದರೆ ಸಂಪಾದಕರು ಪ್ರಾಸಗಳನ್ನು ನಯಗೊಳಿಸಿ, ಆಕೆಯ ಅಡ್ಡಗೆರೆಗಳನ್ನು ಕಿತ್ತು, ಶೀರ್ಷಿಕೆಗಳನ್ನು ಅಂಟಿಸಿದ್ದರು. ಬಯಲ ಗಾಳಿ ಸಹಿಸಲಾರದೆಂದು ಸಸಿಯ ಕುಡಿಗಳನ್ನು ಕತ್ತರಿಸಿ ನೆಟ್ಟಂತಾಯಿತು. ಮುಂದೆ ಮನೆತನಗಳ ಜಗಳದಲ್ಲಿ ಹಸ್ತಪ್ರತಿಗಳೂ ಎರಡು ಪಾಲಾದವು. ಕವಿ ಬರೆದದ್ದನ್ನು ಬರೆದಂತೆ ಓದುವ ಭಾಗ್ಯ ಓದುಗರಿಗೆ ದೊರೆತದ್ದು ೧೯೫೫ರಲ್ಲಿ, ಥಾಮಸ್ ಜಾನ್ಸನ್ನನ ಮೂರು ಸಂಪುಟಗಳ ಪರಿಷ್ಕರಣದಿಂದ. ೧೯೯೮ರಲ್ಲಿ ರಾಲ್ಫ್ ಫ್ರಾಂಕ್ಲಿನ್ ಅದನ್ನು ಮತ್ತಷ್ಟು ಶುದ್ಧಗೊಳಿಸಿದನು. ಆಕೆ ತೀರಿಕೊಂಡು ಅಷ್ಟು ಹೊತ್ತಿಗೆ ನೂರ ಹನ್ನೆರಡು ವರ್ಷಗಳಾಗಿದ್ದವು.

ಮನೆ ಬೇರೆಯವರ ಕೈಸೇರಿದಾಗ, ೧೯೧೬ರಲ್ಲಿ, ಆ ಗಾಜಿನ ಕೋಣೆಯನ್ನು ಬಿಚ್ಚಿಹಾಕಿದರು. ಆದರೆ ಅದರ ಕಿಟಕಿಗಳನ್ನು ಯಾರೋ ಎಸೆಯದೆ ಎತ್ತಿಟ್ಟಿದ್ದರು. ಮನೆ ಈಗ ವಸ್ತುಸಂಗ್ರಹಾಲಯವಾಗಿದೆ. ೨೦೧೭ರಲ್ಲಿ ಅದೇ ಹಳೆಯ ಕಿಟಕಿಗಳನ್ನು ಕೂಡಿಸಿ ಅದೇ ಜಾಗದಲ್ಲಿ ಗಾಜಿನ ಕೋಣೆಯನ್ನು ಮತ್ತೆ ನಿಲ್ಲಿಸಿದರು.

ಎಮಿಲಿಯ ಏಕಾಂತವನ್ನು ಆದರ್ಶವೆಂದು ನಮ್ಮ ವಿದ್ಯಾರ್ಥಿಗಳಿಗೆ ಬೋಧಿಸುವುದು ನನ್ನ ಉದ್ದೇಶವಲ್ಲ. ಬಹಳ ಕಾಲ ಕುಂಡದಲ್ಲಿಯೇ ಉಳಿದ ಸಸಿಯ ಬೇರು ಸುತ್ತಿಕೊಂಡು ಸೊರಗುವುದನ್ನು ತೋಟದ ಕೆಲಸ ಬಲ್ಲವರೆಲ್ಲ ನೋಡಿದ್ದಾರೆ. ತನ್ನ ಕವಿತೆಗೆ ತಕ್ಕ ಓದುಗರು ಕಣ್ಣೆದುರು ಇದ್ದಿದ್ದರೆ ಆ ಬಾಳು ಎಷ್ಟು ಹಗುರವಾಗುತ್ತಿತ್ತೋ! ಆದರೆ ಹವಾಮಾನವನ್ನು ಆರಿಸಿಕೊಳ್ಳುವುದು ತೋಟಗಾರ್ತಿಯ ಕೈಯಲ್ಲಿಲ್ಲ. ತನ್ನ ಕಾಲದ ನೆಲ ಇನ್ನೂ ಹೆಪ್ಪುಗಟ್ಟಿದೆಯೆಂದು ಆಕೆ ಕಂಡುಕೊಂಡಳು. ಹಾಗೆಂದು ಬಿತ್ತುವುದನ್ನು ಬಿಡಲಿಲ್ಲ. ಇರುವ ಆರಡಿ ಅಗಲದ ಜಾಗದಲ್ಲಿ, ಮನೆಯ ರೊಟ್ಟಿ ಸುಟ್ಟು, ತಾಯಿಯ ಆರೈಕೆ ಮಾಡಿ ಉಳಿದ ಹೊತ್ತಿನಲ್ಲಿ, ದಿನದಿನವೂ ನೀರೆರೆದು ಬೆಳಸಿದಳು. ಮೇ ತಿಂಗಳು ಆಕೆ ಹೋದ ಮೇಲೆ ಬಂದಿತು.

ಬರೆದದ್ದನ್ನು ಮರುವಾರವೇ ಅಚ್ಚಿನಲ್ಲಿ ಕಾಣಲು ತವಕಿಸುವ ತರುಣ ಮಿತ್ರರು ನನ್ನ ತರಗತಿಗಳಲ್ಲಿ ಪ್ರತಿವರ್ಷವೂ ಇರುತ್ತಾರೆ. ಆ ತವಕದಲ್ಲಿ ತಪ್ಪೇನೂ ಇಲ್ಲ. ಪತ್ರಿಕೆಯಿಂದ ಕವಿತೆ ಹಿಂದಿರುಗಿ ಬಂದ ದಿನ ಮಾತ್ರ ಅವರು ಆ ಹಿಮದೂರಿನ ಕಿಟಕಿಯನ್ನೂ ಅದರ ಅಂಚಿನ ಕುಂಡಗಳನ್ನೂ ಒಮ್ಮೆ ನೆನೆಯಲಿ. ನೆನೆದು, ಮರುದಿನ ಬೆಳಿಗ್ಗೆ ಎಂದಿನಂತೆ ನೀರು ಹಾಕಲಿ.